ಚಕ್ರಕ್ಕೆ ಸುಟ್ಟು ಹಿಡಿದ ಕೊಳೆ

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಅರಬೈಲು ಘಟ್ಟದಲ್ಲಿ ಸುತ್ತುಸುತ್ತಾಗಿ ಕೆಳಗಿಳಿಯುತ್ತದೆ. ಇದೇ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ನದಿಯು ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ಅಲ್ಲಿ ನೀರು, ಇಲ್ಲಿ ಲಾರಿ. ಎರಡೂ ಸಹ್ಯಾದ್ರಿಯ ಅಂಚನ್ನೇ ಇಳಿಯುತ್ತವೆ. ಎತ್ತರದಲ್ಲಿದ್ದಾಗ ವಸ್ತುವಿನಲ್ಲಿ ಅಡಗಿದ್ದ ಶಕ್ತಿಯು ಅದು ಕೆಳಗೆ ಬಂದಾಗ ಏನಾಗುತ್ತದೆ? ಇದನ್ನು ವಿಚಾರಿಸಿದರೆ, ಹಳೆಯ ವಾಹನಗಳ ಚಕ್ರಕ್ಕೆ ಹಿಡಿದ ಕರಿಯ ಕೊಳೆಯು ಏಕೆ ಸುಲಭವಾಗಿ ಬಿಡುವುದಿಲ್ಲವೆಂಬುದು ತಿಳಿಯುತ್ತದೆ.

ಮಾಗೋಡಿನಲ್ಲಿ ಬಿದ್ದ ನೀರಿನ ಶಕ್ತಿಯೆಲ್ಲವೂ ಉಷ್ಣವಾಗಿ ಆ ನೀರಿನಲ್ಲೇ ಉಳಿದರೂ ಅದರ ತಾಪವು ಅರ್ಧ ಡಿಗ್ರಿಯಷ್ಟೂ ಏರದು. 10 ಟನ್ ತೂಕದ ಲಾರಿಯೊಂದು ವೇಗ ಹೆಚ್ಚಿಸದೆ ಅಷ್ಟೇ ಎತ್ತರವನ್ನು ಇಳಿದರೆ ಸುಮಾರು 1 ಕೋಟಿ 96 ಲಕ್ಷ ಜೂಲ್ ಶಕ್ತಿಯು ಉಷ್ಣವಾಗಿ ಮಾರ್ಪಡಬೇಕು. ಸಾಧಾರಣ ತಾಪದ 65 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಇದರಲ್ಲಿ ಸ್ವಲ್ಪ ಪಾಲನ್ನು ಎಂಜಿನ್ನು ಮತ್ತು ಗಾಳಿಯ ತಡೆ ಹೊರುತ್ತವೆ. ಉಳಿದುದೆಲ್ಲವೂ ಬ್ರೇಕುಗಳ ಪಾಲಿಗೆ ಬರುತ್ತದೆ. ಆದ್ದರಿಂದಲೇ ಘಟ್ಟವಿಳಿದ ವಾಹನದ ಚಕ್ರದ ಬಳಿ ಸುಟ್ಟ ವಾಸನೆ ಬರುವುದು.

ಈ ಶಾಖದಲ್ಲಿ ಮೂರು ಬಗೆಯ ಕೊಳೆಗಳು ಒಂದರ ಮೇಲೊಂದು ಕೂಡುತ್ತವೆ. ಮೊದಲನೆಯದು ಬ್ರೇಕಿನ ಧೂಳು. ಘರ್ಷಣೆಯಿಂದ ಸವೆದ ಕಬ್ಬಿಣದ ಕಣಗಳು ಬಿಸಿಯಾಗಿ ಹಾರಿ ಚಕ್ರಕ್ಕೆ ಅಂಟಿ, ಮಳೆಯ ತೇವದಲ್ಲಿ ತುಕ್ಕು ಹಿಡಿಯುತ್ತವೆ. ಎರಡನೆಯದು ಎಣ್ಣೆ ಮತ್ತು ಗ್ರೀಸು. ಬಹುಕಾಲ ಕಾದ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕದೊಡನೆ ಕೂಡಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪದರವಾಗುತ್ತವೆ. ಅಡಿಗೆಮನೆಯ ಬಾಣಲೆಯ ಹೊರಮೈಯಲ್ಲಿ ಕಟ್ಟುವ ಕಪ್ಪು ಲೇಪವೂ ಇದೇ ಜಾತಿಯದು. ಮೂರನೆಯದು ನಮ್ಮ ಮಲೆನಾಡಿನ ಕೆಂಪು ಮಣ್ಣು.

ಒಂದೇ ಔಷಧದಿಂದ ಎಲ್ಲ ರೋಗವೂ ವಾಸಿಯಾಗದಂತೆ, ಒಂದೇ ದ್ರಾವಣದಿಂದ ಈ ಮೂರೂ ಹೋಗುವುದಿಲ್ಲ. ಚಕ್ರವು ಪೂರ್ತಿ ತಣಿದ ಮೇಲೆ ಮೊದಲು ನೀರಿನಿಂದ ಮಣ್ಣನ್ನು ನೆನೆಸಿ ತೊಳೆಯಬೇಕು. ಹಸಿ ಜಿಡ್ಡಿಗೆ ಸಾಬೂನು ಸಾಕು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುತ್ತದೆ. ನಮ್ಮ ಅಂಟುವಾಳದ ನೊರೆಯೂ ಹೀಗೆಯೇ ಕೆಲಸ ಮಾಡುತ್ತದೆ. ದಪ್ಪ ಗ್ರೀಸನ್ನು ಸೀಮೆಎಣ್ಣೆ ಕರಗಿಸುತ್ತದೆ. ಆದರೆ ಈ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಪೆಟ್ರೋಲನ್ನು ಎಂದೂ ಬಳಸಬಾರದು. ಇವಾವುದಕ್ಕೂ ಬಗ್ಗದ ಸುಟ್ಟ ಪದರವನ್ನು, ಬಿಡಿಭಾಗವು ಕಬ್ಬಿಣದ್ದಾಗಿದ್ದರೆ, ಬಟ್ಟೆ ಒಗೆಯುವ ಸೋಡದ ಬಿಸಿ ದ್ರಾವಣದಲ್ಲಿ ನೆನೆಯಿಟ್ಟು ಮೆತ್ತಗೆ ಮಾಡಿ ಉಜ್ಜಬಹುದು. ಬಣ್ಣವಿದ್ದರೆ ಅದೂ ಕೆಡಬಹುದೆಂಬುದು ನೆನಪಿರಲಿ.

ತುಕ್ಕಿಗೆ ಕ್ಷಾರವು ಉಪಯೋಗವಿಲ್ಲ; ಅಲ್ಲಿ ಆಮ್ಲ ಬೇಕು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವೂ ನಿಂಬೆಯ ಸಿಟ್ರಿಕ್ ಆಮ್ಲವೂ ತುಕ್ಕಿನೊಳಗಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಅಂಗಡಿಯಲ್ಲಿ ಸಿಗುವ ಕೆಲವು ದ್ರಾವಣಗಳು ಚಕ್ರಕ್ಕೆ ತಾಗಿದೊಡನೆ ನೇರಳೆ ಬಣ್ಣ ತಾಳುತ್ತವೆ. ಅವುಗಳಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಗಂಧಕಯುಕ್ತ ಪದಾರ್ಥವು ಕಬ್ಬಿಣದೊಡನೆ ಕೂಡುವುದೇ ಈ ಬಣ್ಣಕ್ಕೆ ಕಾರಣ.

ಕೊಳೆಯನ್ನು ಅರಿತರೆ ಸಾಲದು, ಲೋಹವನ್ನೂ ಅರಿಯಬೇಕು. ಇಂದಿನ ಅನೇಕ ಚಕ್ರಗಳು ಅಲ್ಯೂಮಿನಿಯಂ ಮಿಶ್ರಲೋಹದವು. ಈ ಲೋಹವನ್ನು ಕಾಪಾಡುವುದು ಅದರ ಮೇಲಿನ ತೆಳುವಾದ ಆಕ್ಸೈಡ್ ಪೊರೆ. ತೀವ್ರವಾದ ಆಮ್ಲವೂ ತೀವ್ರವಾದ ಕ್ಷಾರವೂ ಅದನ್ನು ಕರಗಿಸಬಲ್ಲವು. ಕಬ್ಬಿಣದ ಭಾಗಕ್ಕೆ ಹಾಕುವ ಕಾಸ್ಟಿಕ್ ಸೋಡವನ್ನು ಇದಕ್ಕೆ ಹಾಕಿದರೆ ಕೊಳೆಯೊಡನೆ ಲೋಹವೂ ಕರಗಿ, ಬೆಂಕಿ ಹತ್ತುವ ಜಲಜನಕವು ಹೊರಬರುತ್ತದೆ. ಬಟ್ಟೆಸೋಡದ ದ್ರಾವಣವೂ ಅಲ್ಯೂಮಿನಿಯಮ್ಮನ್ನು ಕಪ್ಪಾಗಿಸುತ್ತದೆ. ಇಂಥ ಚಕ್ರಕ್ಕೆ ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ಷು ಮತ್ತು ತಾಳ್ಮೆಯೇ ಲೇಸು.

ಲೋಹಕ್ಕಿಂತಲೂ ಅಮೂಲ್ಯವಾದುದು ಕೈ ಮತ್ತು ಉಸಿರು. ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೂರಿಕ್ ಆಮ್ಲವಿರುತ್ತದೆ. ಅದು ಚರ್ಮಕ್ಕೆ ತಾಗಿದರೆ ಕೆಲವು ಸಲ ಒಡನೆ ನೋಯುವುದಿಲ್ಲ. ಆದರೂ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಪ್ರಾಣಾಪಾಯವನ್ನೂ ತರಬಲ್ಲದು. ಅಂಥದನ್ನು ಮನೆಯಲ್ಲಿ ಮುಟ್ಟಲೇಬಾರದು. ಹಳೆಯ ಬ್ರೇಕುಗಳ ಧೂಳಿನಲ್ಲಿ ಕಲ್ನಾರಿನ ಎಳೆಗಳಿರಬಹುದು. ಅದನ್ನು ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಿದರೆ ಎಳೆಗಳು ಶ್ವಾಸಕೋಶವನ್ನು ಸೇರುತ್ತವೆ. ದಶಕಗಳ ಬಳಿಕ ಕ್ಯಾನ್ಸರಿಗೂ ಕಾರಣವಾಗುತ್ತವೆ. ಅನೇಕ ಹುಡುಗರು ಕೆಲಸ ಕಲಿಯಲು ಸೇರಿದ ಮೊದಲ ದಿನಗಳಲ್ಲಿ ಮಾಡುವ ಕೆಲಸವೇ ಹೀಗೆ ಧೂಳು ಊದುವುದು. ಒಣಧೂಳನ್ನು ಕೆದಕದೆ, ಒದ್ದೆ ಮಾಡಿ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬ್ರೇಕಿನ ಪಟ್ಟಿಗೆ ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಸೋಕಿದರೆ ಘರ್ಷಣೆಯು ಕುಂದಿ, ಮುಂದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗಬಹುದು.

ತೊಳೆದ ನೀರಿನ ವಿಚಾರವೊಂದು ಉಳಿಯಿತು. ಹಳ್ಳದ ದಂಡೆಯಲ್ಲಿ ವಾಹನ ತೊಳೆದರೆ ಗ್ರೀಸೂ ಸೀಮೆಎಣ್ಣೆಯೂ ಹಳ್ಳದಿಂದ ಹೊಳೆಗೆ ಸೇರುತ್ತವೆ. ಮಾಗೋಡಿನಿಂದ ಕೆಳಗೆ ಗಂಗಾವಳಿಯೆಂದು ಹರಿಯುವ ನೀರನ್ನು ನೆಚ್ಚಿದ ಊರುಗಳು ಅನೇಕ. ನಮ್ಮ ಚಕ್ರದ ಕೊಳೆಯನ್ನು ಅವರ ನೀರಿಗೆ ಸಾಗಿಸಿದರೆ ಅದು ಶುಚಿ ಮಾಡಿದಂತಾಗುವುದಿಲ್ಲ. ಕೊಳೆಯ ಜಾಗ ಬದಲಿಸಿದಂತೆ ಮಾತ್ರ.