ಹುಗ್ಗಿಯ ಸಾಮಾನು, ಕೇಕಿನ ಹದ

ಕೇಕ್ ಎಂದರೆ ಪೇಟೆಯ ತಿಂಡಿ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿಯೇ ಇದೆ. ಉಚ್ಚಂಗಿದುರ್ಗದಂಥ ಊರಿನಲ್ಲಿ ಮಗುವಿನ ಹುಟ್ಟುಹಬ್ಬ ಬಂತೆಂದರೆ ಹರಪನಹಳ್ಳಿಗೋ ದಾವಣಗೆರೆಗೋ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ ಕೇಕ್ ತರಿಸುವುದುಂಟು. ಬಸ್ಸಿನ ನೂಕುನುಗ್ಗಲು, ಬಿಸಿಲಿನ ಝಳ ಎರಡನ್ನೂ ದಾಟಿ ಮನೆ ಸೇರುವಷ್ಟರಲ್ಲಿ ಮೇಲಿನ ಕ್ರೀಮು ಡಬ್ಬಿಗೆ ಮೆತ್ತಿಕೊಂಡಿರುತ್ತದೆ. ಮನೆಯಲ್ಲೇ ಮಾಡಬಾರದೇ ಎಂದು ಕೇಳಿದರೆ, ‘ನಮ್ಮನ್ಯಾಗ ಓವನ್ ಎಲ್ಲೈತ್ರಿ?’ ಎಂಬ ಉತ್ತರ ಸಿದ್ಧ.

ಓವನ್ ಬೇಕಿಲ್ಲ, ಕ್ರೀಮು ಬೇಕಿಲ್ಲ, ಬಣ್ಣವೂ ಬೇಕಿಲ್ಲ. ಬೆಲ್ಲ ಮತ್ತು ಮಸಾಲೆ ಹಾಕಿ ಮಾಡುವ ಹಳೆಯ ಕಾಲದ ಸರಳ ಕೇಕ್ ಒಂದಿದೆ. ಅದಕ್ಕೆ ಬೇಕಾದ ಸಾಮಾನಿನ ಪಟ್ಟಿ ನೋಡಿ: ಗೋಧಿ, ಬೆಲ್ಲ, ಒಣಶುಂಠಿ, ಏಲಕ್ಕಿ, ಲವಂಗ, ಜಾಜಿಕಾಯಿ. ಗೋಧಿ ಹುಗ್ಗಿ ಮಾಡಿ ಬಲ್ಲ ಯಾವ ತಾಯಿಗೂ ಇದರಲ್ಲಿ ಹೊಸದೇನೂ ಕಾಣದು. ಹೊಸದೇನಿದ್ದರೂ ಅಳತೆ ಮತ್ತು ಕಾಯುವ ತಾಳ್ಮೆ ಮಾತ್ರ.

ಯುರೋಪಿನ ಹಳೆಯ ಮಸಾಲೆ ಕೇಕುಗಳಿಗೆ ಪರಿಮಳ ಹೋದದ್ದೇ ನಮ್ಮ ಕಡೆಯಿಂದ. ಶುಂಠಿ, ಮೆಣಸು, ಏಲಕ್ಕಿಗಳನ್ನು ಅರಸಿಕೊಂಡೇ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿ ಬಂದವು. ಸುಮಾರು ನಾಲ್ಕು ಶತಮಾನಗಳ ನಂತರ, 1883ರಲ್ಲಿ, ಅದೇ ಮಲಬಾರಿನ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿ ಮಾಲೀಕರು ಬ್ರಿಟಿಷ್ ತೋಟಗಾರನೊಬ್ಬನ ಬೇಡಿಕೆಯಂತೆ ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟರು. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಅದನ್ನೇ ಹೇಳುತ್ತಾರೆ.

ಇನ್ನು ಓವನ್ನಿನ ಮಾತು. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತುರಿ, ರವೆ, ಬೆಲ್ಲ, ತೆಂಗಿನಕಾಯಿ ಕಲಸಿ ಧೋಂಡಸ್ ಎಂಬ ತಿಂಡಿ ಮಾಡುತ್ತಾರೆ. ಹಿಂದೆ ಅದನ್ನು ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಎಲ್ಲ ಕಡೆಯಿಂದಲೂ ಒಣ ಕಾವು ಸಿಗುವಂತೆ ಮಾಡುವುದೇ ಓವನ್ನಿನ ಕೆಲಸ. ಆ ಕೆಲಸವನ್ನು ದಪ್ಪ ತಳದ ಹಳೆಯ ಪಾತ್ರೆ ಮತ್ತು ಒಂದಿಷ್ಟು ಮರಳು ಕೂಡ ಮಾಡಬಲ್ಲವು.

ಬೇಕಾಗುವ ಸಾಮಗ್ರಿ: ಗೋಧಿ ಹಿಟ್ಟು 200 ಗ್ರಾಂ, ಪುಡಿ ಬೆಲ್ಲ 150 ಗ್ರಾಂ, ನೀರು 100 ಮಿಲಿ ಲೀಟರ್, ಹುಳಿ ಮೊಸರು 150 ಮಿಲಿ ಲೀಟರ್, ವಾಸನೆಯಿಲ್ಲದ ಅಡುಗೆ ಎಣ್ಣೆ 75 ಮಿಲಿ ಲೀಟರ್, ಅಡುಗೆ ಸೋಡಾ ಮುಕ್ಕಾಲು ಚಹಾ ಚಮಚ, ಒಣಶುಂಠಿ ಪುಡಿ 1 ಚಹಾ ಚಮಚ, ಚಕ್ಕೆ ಪುಡಿ ಅರ್ಧ ಚಮಚ, ಏಲಕ್ಕಿ 4, ಲವಂಗ 4, ಜಾಜಿಕಾಯಿ ಮತ್ತು ಉಪ್ಪು ಒಂದೊಂದು ಚಿಟಿಕೆ.

ಮಾಡುವ ವಿಧಾನ: ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲದಷ್ಟು ಒಣ ಮರಳು ಅಥವಾ ಉಪ್ಪು ಹರಡಿ, ಮೇಲೊಂದು ಸಿಂಬಿ ಇಟ್ಟು, ಮುಚ್ಚಿ, ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಹಳೆಯ ಕುಕ್ಕರ್ ಬಳಸುವುದಾದರೆ ರಬ್ಬರ್ ಉಂಗುರ ಮತ್ತು ಸೀಟಿ ಎರಡನ್ನೂ ತಪ್ಪದೆ ತೆಗೆದಿಡಬೇಕು. ಒಳಗೆ ನೀರು ಹಾಕಬಾರದು. ಇಷ್ಟರಲ್ಲಿ ಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ, ಮೊಸರು ಮತ್ತು ಎಣ್ಣೆ ಸೇರಿಸಿ ಕಡೆಯಿರಿ. ಹಿಟ್ಟು, ಸೋಡಾ, ಉಪ್ಪು, ಕುಟ್ಟಿದ ಮಸಾಲೆಗಳನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿದು ಈ ದ್ರವಕ್ಕೆ ಹಾಕಿ. ಗಂಟಿಲ್ಲದಂತಾದರೆ ಸಾಕು, ಹೆಚ್ಚು ತಿರುವಬೇಡಿ. ಎಣ್ಣೆ ಸವರಿ ಹಿಟ್ಟು ಉದುರಿಸಿದ ಅಗಲ ಪಾತ್ರೆಗೆ ಅರ್ಧದಷ್ಟು ತುಂಬಿ, ತಡಮಾಡದೆ ಕಾದ ಪಾತ್ರೆಯೊಳಗಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ ಬೇಯಿಸಿ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಕೂಡದು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದು ತಿಳಿಯಬೇಕು. ಒಲೆಯ ಬಳಿ ದೊಡ್ಡವರೊಬ್ಬರು ಇರಲೇಬೇಕು.

ವಿಜ್ಞಾನ ಓದುವ ಮಕ್ಕಳಿಗೆ ಇದರಲ್ಲಿ ಒಂದಿಡೀ ಪಾಠವೇ ಇದೆ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಮೊಸರಿನ ಆಮ್ಲ ತಗುಲಿದೊಡನೆ ಅದು ಇಂಗಾಲದ ಡೈ ಆಕ್ಸೈಡ್ ಬಿಡುಗಡೆ ಮಾಡುತ್ತದೆ. ಆ ಗುಳ್ಳೆಗಳು ಕಾವಿಗೆ ಹಿಗ್ಗುವುದರಿಂದಲೇ ಕೇಕ್ ಉಬ್ಬುವುದು. ಕಲಸಿಟ್ಟು ತಡಮಾಡಿದರೆ ಅನಿಲ ಹೊರಟುಹೋಗುತ್ತದೆ. ಬೇಗ ಮುಚ್ಚಳ ತೆಗೆದರೆ ಕಾವು ಇಳಿದು, ಇನ್ನೂ ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ. ಗೋಧಿಯಲ್ಲಿರುವ ಪ್ರೋಟೀನು ನೀರು ತಾಗಿ, ತಿರುವಿದಷ್ಟೂ ಗ್ಲುಟೆನ್ ಎಂಬ ಜಿಗುಟು ಬಲೆಯಾಗುತ್ತದೆ. ಚಪಾತಿಗೆ ಅದು ಬೇಕು. ಕೇಕಿಗೆ ಹೆಚ್ಚಾದರೆ ರಬ್ಬರಿನಂತಾಗುತ್ತದೆ. ಲವಂಗದ ಘಾಟು ಯೂಜಿನಾಲ್ ಎಂಬ ಎಣ್ಣೆಯದು. ಹಸಿಶುಂಠಿ ಒಣಗುವಾಗ ಅದರ ಖಾರದ ಅಂಶ ಬದಲಾಗಿ ಇನ್ನೂ ಚುರುಕಾಗುತ್ತದೆ.

ಮಕ್ಕಳು ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಎಷ್ಟು ಹಾಕಿದೆವು, ಎಷ್ಟು ಹೊತ್ತು ಬೇಯಿಸಿದೆವು, ಹೇಗೆ ಬಂತು ಎಂಬುದನ್ನು ಬರೆಯಲಿ. ತಳ ಸೀದರೆ ಮುಂದಿನ ಸಲ ಉರಿ ಇಳಿಸಿ. ಸೋಪಿನ ರುಚಿ ಬಂದರೆ ಸೋಡಾ ಹೆಚ್ಚಾಗಿದೆ. ಉಬ್ಬದೇ ಹೋದರೆ ಸೋಡಾ ಹಳತಾಗಿರಬಹುದು. ಒಂದು ಚಿಟಿಕೆಯನ್ನು ನಿಂಬೆರಸಕ್ಕೆ ಹಾಕಿ ನೊರೆ ಬರುವುದೇ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೇ?

ಪಾಲಕರು ಗಮನಿಸಬೇಕಾದ ಮಾತೊಂದಿದೆ. ಹುಗ್ಗಿಗೆ ಬೆಲ್ಲ ಕಡಿಮೆಯಾದರೆ ಕೊನೆಗೊಂದು ಉಂಡೆ ಹಾಕಿ ಸರಿಪಡಿಸಬಹುದು. ಕೇಕು ಹಾಗಲ್ಲ, ಮುಚ್ಚಳ ಹಾಕಿದ ಮೇಲೆ ಕೈಯಾಡಿಸುವಂತಿಲ್ಲ. ಬಿತ್ತುವ ಮುಂಚೆ ಹೊಲವನ್ನು ಹದ ಮಾಡಿ, ಬಿತ್ತಿದ ಮೇಲೆ ಕಾಯುವ ಮಳೆಯಾಶ್ರಿತ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಗಿ, ಅಳೆದು, ಗಡಿಯಾರ ನೋಡಿ, ಆಮೇಲೆ ಸುಮ್ಮನೆ ಕಾಯುವುದನ್ನು ಮಕ್ಕಳು ಒಲೆಯ ಮುಂದೆ ಕಲಿತರೆ ಪರೀಕ್ಷೆಯ ಓದಿಗೂ ಅದು ಬಂತು. ಈ ಕೆಲಸ ಹುಡುಗಿಯರಿಗೆ ಮಾತ್ರ ಮೀಸಲಾಗದಿರಲಿ. ಬೆಲ್ಲ ಕುಟ್ಟುವುದರಿಂದ ಪಾತ್ರೆ ತೊಳೆಯುವವರೆಗೆ ಹುಡುಗರಿಗೂ ಪಾಲಿರಲಿ.

ಮೊದಲ ಸಲದ ಕೇಕ್ ತಟ್ಟೆಯಷ್ಟೇ ಚಪ್ಪಟೆಯಾಗಿ ಬಂದರೆ ಗದರಬೇಡಿ. ಹೊತ್ತಿಲ್ಲದಿದ್ದರೆ ಮುರಿದು ಬಿಸಿ ಹಾಲಿನಲ್ಲಿ ಅದ್ದಿ ತಿನ್ನಬಹುದು, ರುಚಿಗೆ ಕೊರತೆಯಿಲ್ಲ. ಚೆನ್ನಾಗಿ ಬಂದರಂತೂ ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿಟ್ಟು ಮರುದಿನ ಕತ್ತರಿಸಿ. ಬೆಲ್ಲ ತೇವವನ್ನು ಹಿಡಿದಿಡುವುದರಿಂದ ಅದು ಮೆತ್ತಗೇ ಇರುತ್ತದೆ. ಒಂದು ರಾತ್ರಿ ಕಳೆದರೆ ಮಸಾಲೆಯ ಘಮವೂ ಎಲ್ಲ ಕಡೆ ಹದವಾಗಿ ಹರಡಿರುತ್ತದೆ. ಆದ್ದರಿಂದ ಹುಟ್ಟುಹಬ್ಬ ನಾಳೆ ಎನ್ನುವಾಗ ಇವತ್ತೇ ಒಲೆ ಹಚ್ಚಿ.