ಹೋಪಿ ಪೂರ್ವಜರ ಹೆಜ್ಜೆಗುರುತುಗಳು: ಮೌಖಿಕ ಪರಂಪರೆ ಮತ್ತು ಪುರಾತತ್ತ್ವ

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ, 'ಮೆಸಾ' ಎಂದು ಕರೆಯಲಾಗುವ ಮೂರು ಚಪ್ಪಟೆ ನೆತ್ತಿಯ ಬೆಟ್ಟಗಳ ಆಸುಪಾಸಿನಲ್ಲಿ ನೆಲೆಸಿರುವ ಹೋಪಿ ಜನರು ತಮ್ಮ ಪೂರ್ವಜರನ್ನು 'ಹಿಸಾತ್ಸಿನೋಮ್', ಅಂದರೆ ಬಹು ಹಿಂದಿನ ಜನ, ಎಂದು ಕರೆಯುತ್ತಾರೆ. ಅದೇ ಪ್ರಾಚೀನರಿಗೆ ಪುರಾತತ್ತ್ವಜ್ಞರು ಬಹುಕಾಲ ಬಳಸಿದ 'ಅನಸಾಜಿ' ಎಂಬ ಹೆಸರು ನೆರೆಯ ನವಾಹೊ ಭಾಷೆಯದು. 'ಶತ್ರುಗಳ ಪೂರ್ವಜರು' ಎಂಬ ಅರ್ಥವೂ ಅದಕ್ಕಿದೆ. ಗತವನ್ನು ಹೆಸರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

1927ರಲ್ಲಿ ಕಿಡ್ಡರ್ ಅವರ ನೇತೃತ್ವದಲ್ಲಿ ನಡೆದ ಪೆಕೋಸ್ ಸಮ್ಮೇಳನವು ಈ ಪ್ರದೇಶದ ಪ್ರಾಚೀನ ಸಂಸ್ಕೃತಿಯನ್ನು ಕಾಲಘಟ್ಟಗಳಾಗಿ ವಿಂಗಡಿಸಿತು. ಮಡಕೆ, ಬುಟ್ಟಿ, ಮನೆಗಳ ವಿನ್ಯಾಸವೇ ಇಂತಹ ವಿಂಗಡಣೆಯ ಆಧಾರ. ಒಂದು ಭೌತಿಕ ಸಂಸ್ಕೃತಿಗೆ ಒಂದು ಜನಾಂಗ ಎಂಬ ಗ್ರಹಿಕೆಗೆ ಇದು ಸುಲಭವಾಗಿ ಎಡೆಮಾಡಿಕೊಡುತ್ತದೆ. ಹೋಪಿ ಪರಂಪರೆಯ ನಿಲುವು ಇದಕ್ಕಿಂತ ಭಿನ್ನವಾದುದು. ಅಲ್ಲಿ ವಲಸೆಯ ಘಟಕ ಜನಾಂಗವಲ್ಲ, ಮಾತೃಮೂಲದ ಬೆಡಗು. ಕರಡಿ, ಹಾವು ಮೊದಲಾದ ಬೆಡಗುಗಳಿಗೆ ತಮ್ಮದೇ ಆದ ವಲಸೆಯ ಕಥನಗಳಿವೆ. ಕೆಲವು ಉತ್ತರದಿಂದ ಬಂದರೆ, ಮತ್ತೆ ಕೆಲವು ದಕ್ಷಿಣದ 'ಪಲಾತ್ಕ್ವಾಪಿ'ಯಿಂದ ಬಂದವು. ದಾರಿಯುದ್ದಕ್ಕೂ ಉಳಿದ ಪಾಳುಮನೆ, ಮಡಕೆಚೂರು, ಬಂಡೆಕೆತ್ತನೆಗಳು ಪೂರ್ವಜರ 'ಹೆಜ್ಜೆಗುರುತು'ಗಳು. ಎಂದರೆ, ಹೋಪಿ ಅನನ್ಯತೆ ಪಯಣದ ಆರಂಭದಲ್ಲಿದ್ದುದಲ್ಲ. ಅದರ ಕೊನೆಯಲ್ಲಿ ರೂಪುಗೊಂಡದ್ದು.

ಫ್ಯೂಕ್ಸ್ 1900ರಲ್ಲಿಯೇ ಈ ಕಥನಗಳನ್ನು ಪ್ರಕಟಿಸಿದ್ದರೂ, 1910ರ ದಶಕದಲ್ಲಿ ಮಾನವಶಾಸ್ತ್ರಜ್ಞ ಲೋವಿ ಮೌಖಿಕ ಪರಂಪರೆಗೆ ಚಾರಿತ್ರಿಕ ಮೌಲ್ಯವಿಲ್ಲವೆಂದು ವಾದಿಸಿದರು. ಅನಂತರದ ಆಧಾರಗಳು ಈ ನಿರಾಕರಣೆಯನ್ನು ದುರ್ಬಲಗೊಳಿಸಿವೆ. ಮರಗಳ ವಾರ್ಷಿಕ ಉಂಗುರಗಳು 1276ರಿಂದ 1299ರವರೆಗಿನ ಬರಗಾಲವನ್ನು ಸೂಚಿಸುತ್ತವೆ. ಉತ್ತರದ ಮೆಸಾ ವರ್ಡೆ, ಕಯೆಂಟಾ ಪ್ರದೇಶಗಳು ಬರಿದಾದದ್ದೂ ಅದೇ ಶತಮಾನದ ಕೊನೆಯಲ್ಲಿ. ಲಯನ್ಸ್ (2003) ಮಡಕೆಗಳ ಮೂಲಕ ವಲಸೆಯ ಜಾಡು ಹಿಡಿದರೆ, ಬರ್ನಾರ್ಡಿನಿ (2005) ಚಿಕ್ಕ ಚಿಕ್ಕ ಗುಂಪುಗಳು ಬೇರೆ ಬೇರೆ ದಾರಿಗಳಲ್ಲಿ ಚಲಿಸಿದವೆಂದು ತೋರಿಸಿದರು. ಭಾಷೆಯ ಸಾಕ್ಷ್ಯವೂ ಗಮನಾರ್ಹ. ಹೋಪಿ ಭಾಷೆ ಯೂಟೊ-ಅಜ್ಟೆಕನ್ ವರ್ಗದ್ದು. ಬಹುಮಟ್ಟಿಗೆ ಅದೇ ಬಗೆಯ ಗ್ರಾಮಜೀವನವಿರುವ ಜೂನಿ ಜನರ ಭಾಷೆಗೆ ಅದರೊಡನೆ ನಂಟಿಲ್ಲ. ಆದ್ದರಿಂದ ಮಡಕೆಯೊಂದರಿಂದಲೇ ಜನರನ್ನು ಗುರುತಿಸಲಾಗದು.

ಇದು ಕೇವಲ ಶಾಸ್ತ್ರೀಯ ಚರ್ಚೆಯಲ್ಲ. ಅಸ್ಥಿಗಳ ಮರಳಿಕೆಗೆ ಸಂಬಂಧಿಸಿದ 1990ರ ಅಮೆರಿಕದ ಕಾಯಿದೆಯು ಸಾಂಸ್ಕೃತಿಕ ನಂಟನ್ನು ನಿರೂಪಿಸಲು ಮೌಖಿಕ ಪರಂಪರೆಯನ್ನೂ ಸಾಕ್ಷ್ಯವಾಗಿ ಒಪ್ಪುತ್ತದೆ. ನಾರ್ಡೆನ್‌ಶೋಲ್ಡ್ 1891ರಲ್ಲಿ ಮೆಸಾ ವರ್ಡೆಯಿಂದ ಒಯ್ದು, ಮುಂದೆ ಫಿನ್ಲೆಂಡಿನ ವಸ್ತುಸಂಗ್ರಹಾಲಯ ಸೇರಿದ ಪೂರ್ವಜರ ಅಸ್ಥಿಗಳು ಆ ಕಾಯಿದೆಯ ವ್ಯಾಪ್ತಿಯ ಹೊರಗಿದ್ದವು. ಆದರೂ ಮಾತುಕತೆಯ ಮೂಲಕ 2020ರಲ್ಲಿ ಮರಳಿ ಮೆಸಾ ವರ್ಡೆಯ ಮಣ್ಣು ಸೇರಿದವು. ಅವನ್ನು ಬರಮಾಡಿಕೊಂಡವರು ಹೋಪಿಗಳಷ್ಟೇ ಅಲ್ಲ. ಜೂನಿ, ಆಕೊಮಾ, ಜೀಯಾ ಸಮುದಾಯಗಳೂ ಜೊತೆಗಿದ್ದವು. ಒಂದೇ ನೆಲೆಯ ಪೂರ್ವಜರಿಗೆ ಹಲವು ವಾರಸುದಾರರಿರಬಹುದೆಂಬುದನ್ನು ಬೆಡಗಿನ ಕಥನಗಳು ಮೊದಲಿನಿಂದಲೂ ಹೇಳುತ್ತ ಬಂದಿವೆ.