ನೀರಿನ ಲೆಕ್ಕ ಬಲ್ಲ ಇರುವೆಗಳು

“ಇರುವೆ ನೋಡಿ ಕಲಿ ಪುಟ್ಟೀ, ಒಂದು ಗಳಿಗೆಯಾದರೂ ಸುಮ್ಮನೆ ಕೂರುತ್ತಾ?”

ಬೇಸಿಗೆ ರಜೆಯಲ್ಲಿ ಮೊಮ್ಮಗಳು ಸೋಫಾದ ಮೇಲೆ ಉರುಳಾಡುತ್ತಿದ್ದಾಗಲೆಲ್ಲ ನಾನು ಹೇಳುತ್ತಿದ್ದ ಮಾತಿದು. ಒಂದು ಮಧ್ಯಾಹ್ನ ಅವಳು ತಿರುಗಿ ಕೇಳಿದಳು: “ಮರುಭೂಮಿಯ ಬಿಸಿಲಿನಲ್ಲೂ ಇರುವೆ ಕೆಲಸಕ್ಕೆ ಹೋಗುತ್ತಾ ತಾತ?” ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿ ಓದಿದ ಮೇಲೆ ನನ್ನ ಬುದ್ಧಿಮಾತನ್ನೇ ತಿದ್ದಿಕೊಳ್ಳಬೇಕಾಯಿತು.

ಅಮೆರಿಕದ ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಯ ಮರುಭೂಮಿಯಲ್ಲಿ ಒಂದು ಜಾತಿಯ ಕೆಂಪಿರುವೆಗಳಿವೆ. ಗಾಳಿಗೆ ಚದುರಿದ ಹುಲ್ಲು, ಗಿಡಗಳ ಬೀಜವೇ ಇವುಗಳ ಆಹಾರ. ಒಂದು ಗೂಡಿಗೆ ಒಬ್ಬಳೇ ರಾಣಿ. ಬೆಳೆದ ಗೂಡಿನಲ್ಲಿ ಸುಮಾರು 10,000 ಕೆಲಸಗಾರ ಇರುವೆಗಳು. ಇವು ಬದುಕುವುದು ಒಂದು ವರ್ಷ ಮಾತ್ರ. ರಾಣಿ ಮಾತ್ರ 20-30 ವರ್ಷ ಬದುಕುತ್ತಾಳೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಡೆಬೊರಾ ಗೋರ್ಡನ್ 1980ರ ದಶಕದಿಂದಲೂ ಅಲ್ಲಿಗೆ ಹೋಗಿ ಪ್ರತಿವರ್ಷ ಒಂದೊಂದು ಗೂಡಿನ ಲೆಕ್ಕ ಬರೆದಿಟ್ಟಿದ್ದಾರೆ. ಲೆಡ್ಜರ್ ಬರೆದೇ ಕೂದಲು ಬೆಳ್ಳಗಾದ ನನಗೆ ಅವರ ಮೇಲೆ ತಟ್ಟನೆ ಅಭಿಮಾನ ಹುಟ್ಟಿತು!

ಅಲ್ಲಿ ಈ ಇರುವೆಗಳಿಗೆ ನೀರು ಎಲ್ಲಿಂದ? ಬೀಜದಲ್ಲಿರುವ ಕೊಬ್ಬು ದೇಹದಲ್ಲಿ ಜೀರ್ಣವಾಗಿ ಬಳಕೆಯಾಗುವಾಗ ನೀರು ಹುಟ್ಟುತ್ತದೆ. ಆದರೆ ಬೀಜ ಹುಡುಕುತ್ತಾ ಬಿಸಿಲಿನಲ್ಲಿ ನಡೆದರೆ ಮೈಯ ನೀರು ಆರಿಹೋಗುತ್ತದೆ. ಅಂದರೆ, ನೀರು ಗಳಿಸಲು ನೀರನ್ನೇ ಖರ್ಚು ಮಾಡಬೇಕು. ಖರ್ಚು ಜಮೆಗಿಂತ ಹೆಚ್ಚಾದರೆ ಗೂಡು ದಿವಾಳಿ!

ಈ ಲೆಕ್ಕ ನೋಡುವವರು ಯಾರು? ರಾಣಿಯಲ್ಲ. ಅವಳ ಕೆಲಸ ಮೊಟ್ಟೆ ಇಡುವುದಷ್ಟೇ. ಯಾರಿಗೂ ಆಜ್ಞೆ ಮಾಡುವುದಿಲ್ಲ. ಬೆಳಿಗ್ಗೆ ಮೊದಲು ಕೆಲವು ಕಾವಲು ಇರುವೆಗಳು ಹೊರಗೆ ಸುತ್ತಾಡುತ್ತವೆ. ಅವು ಕ್ಷೇಮವಾಗಿ ಮರಳಿದರೆ ಮಾತ್ರ ಬೀಜ ತರುವವು ಹೊರಡುತ್ತವೆ. ಆಮೇಲೂ ಎಲ್ಲವೂ ಒಟ್ಟಿಗೆ ನುಗ್ಗುವುದಿಲ್ಲ. ಗೂಡಿನ ಬಾಯಿಯ ಒಳಗೆ ಕಾದು ನಿಂತಿರುತ್ತವೆ. ಬೀಜ ಹೊತ್ತು ಬಂದವು ಮೀಸೆಯಂಥ ಸ್ಪರ್ಶಾಂಗ ತಾಕಿಸಿದಾಗ ಮೈವಾಸನೆ, ಬೀಜದ ವಾಸನೆ ಎರಡೂ ತಿಳಿಯುತ್ತವೆ. ಹೀಗೆ ಬೇಗಬೇಗ ಭೇಟಿಯಾದರೆ, ಹೊರಗೆ ಬೀಜ ಸುಲಭವಾಗಿ ಸಿಗುತ್ತಿದೆ ಎಂದರ್ಥ, ಕಾದಿದ್ದವು ಹೊರಡುತ್ತವೆ. ಮರಳುವವು ತಡವಾದರೆ ಇವೂ ಒಳಗೇ ಉಳಿಯುತ್ತವೆ.

ಮಕ್ಕಳೇ, ಇದನ್ನು ಪರೀಕ್ಷಿಸಿದ ಬಗೆ ಕೇಳಿ. ಪುಟಾಣಿ ಗಾಜಿನ ಮಣಿಗಳಿಗೆ ಕಾವಲು ಇರುವೆಗಳ ಮೈವಾಸನೆ ಸವರಿ ಗೂಡಿನೊಳಗೆ ಒಂದೊಂದಾಗಿ ಬಿಟ್ಟರು. ಮಣಿಯನ್ನೇ ಸ್ನೇಹಿತರೆಂದು ನಂಬಿ ಇರುವೆಗಳು ಕೆಲಸಕ್ಕೆ ಹೊರಟವು! ಕಂಪ್ಯೂಟರ್ ವಿಜ್ಞಾನಿ ಬಾಲಾಜಿ ಪ್ರಭಾಕರ್ ಅವರ ಜೊತೆಗೂಡಿ ಗೋರ್ಡನ್ 2012ರಲ್ಲಿ ಇನ್ನೊಂದು ಸೋಜಿಗ ತಿಳಿಸಿದರು. ಕಳಿಸಿದ ಮಾಹಿತಿ ತಲುಪಿದ ಸುದ್ದಿ ಎಷ್ಟು ಬೇಗ ಮರಳುತ್ತದೆ ಎಂದು ನೋಡಿ ಇಂಟರ್‌ನೆಟ್ ತನ್ನ ವೇಗ ಹೊಂದಿಸಿಕೊಳ್ಳುವುದೂ ಹೆಚ್ಚುಕಡಿಮೆ ಹೀಗೆಯೇ.

ಎಲ್ಲ ಗೂಡುಗಳೂ ಒಂದೇ ತರಹ ಅಲ್ಲ. ಕೆಲವು ಒಣಹವೆಯ ದಿನವೂ ಹೊರಗೆ ಓಡಾಡುತ್ತವೆ. ಕೆಲವು ಅಂಥ ದಿನ ಕೆಲಸ ತಗ್ಗಿಸುತ್ತವೆ. ಗೆಲ್ಲುವುದು ಯಾವುದು? ಹೆಚ್ಚು ದುಡಿಯುವ ಗೂಡೇ ಎಂದು ನಾನೂ ಅಂದುಕೊಂಡಿದ್ದೆ. ಯಾವ ಗೂಡು ಯಾವುದರ ಮಗಳು ಎಂಬುದನ್ನು ಡಿಎನ್‌ಎ ಮೂಲಕ ಪತ್ತೆಹಚ್ಚಿದ ಗೋರ್ಡನ್ 2013ರಲ್ಲಿ ಉತ್ತರ ಕೊಟ್ಟರು: ಒಣ ದಿನಗಳಲ್ಲಿ ಹಿಡಿತದಲ್ಲಿದ್ದ ಗೂಡುಗಳ ವಂಶವೇ ಹೆಚ್ಚು ಬೆಳೆದಿತ್ತು. ಕೂಡಿಟ್ಟ ಬೀಜ ಅವುಗಳ ಕೈಹಿಡಿದಿತ್ತು.

ಮಗಳು ರಾಣಿ ದೂರ ಹಾರಿಹೋಗಿ ತನ್ನದೇ ಗೂಡು ಕಟ್ಟುತ್ತಾಳೆ. ತಾಯಿಯನ್ನು ಮತ್ತೆಂದೂ ಕಾಣುವುದಿಲ್ಲ. ಆದರೂ ಯಾವ ದಿನ ಒಳಗಿರಬೇಕು ಎಂಬುದರಲ್ಲಿ ಮಗಳ ಗೂಡು ತಾಯಿಯ ಗೂಡನ್ನು ಹೋಲುತ್ತದೆಯಂತೆ. ಅವುಗಳಿಗೆ ಅದು ಹುಟ್ಟಿನಿಂದಲೇ ಬಂದ ಗುಣ. ನಮಗೆ ಹಾಗಲ್ಲ, ಹಿರಿಯರು ಹೇಳಬೇಕು, ಸರಿಯಾಗಿಯೇ ಹೇಳಬೇಕು.

ಇದನ್ನೆಲ್ಲ ಕೇಳಿದ ಮೊಮ್ಮಗಳು, “ಹಾಗಾದ್ರೆ ನಾನೂ ಬಿಸಿಲಿಳಿಯೋವರೆಗೂ ಮಲಗಬಹುದು” ಎಂದು ಮತ್ತೆ ಸೋಫಾದ ಮೇಲೆ ಒರಗಿದಳು. “ಮಲಗು ಪುಟ್ಟೀ. ಆದ್ರೆ ಇರುವೆ ಬೀಜ ಕೂಡಿಟ್ಟುಕೊಂಡೇ ಮನೇಲಿ ಕೂತಿತ್ತು. ನಿನ್ನ ರಜೆಯ ಹೋಮ್‌ವರ್ಕ್ ಎಷ್ಟಾಗಿದೆ?” ಎಂದೆ.

ಪುಸ್ತಕ ತರಲು ಎದ್ದು ಹೋದಳು.